ಹೊಟ್ಟಿನ ಲೆಕ್ಕ

ಮಿರಗ ಕೂಡಿ ಆರು ದಿನ. ಮೋಡ ನಿಂತಾವ, ಮಳಿ ಇಲ್ಲ.
ಕಲಬುರಗಿ ಮ್ಯಾಲ ಯಾರೋ ತೊಯ್ದ ಕಂಬಳಿ
ಹೊಚ್ಚಿ ಹೋದಂಗ ಧಗಿ.
ಹುಮನಾಬಾದ ರಿಂಗ್ ರೋಡಿನ ಬೇವಿನ ಗಿಡದ ಬುಡಕ್ಕ
ಬಾನೆಟ್ ತೆಗೆದು ನಿಂತದ ನನ್ನ ಹಳೇ ವ್ಯಾಗನಾರ್,
ಹಲ್ಲು ನೋಡವನ ಮುಂದ ಬಾಯಿ ತೆಗೆದ ಎಮ್ಮಿಯಂಗ.

ಇದಕ್ಕ ಮೊದಲ ಇಬ್ಬರು ನೋಡ್ಯಾರ. ಇಬ್ಬರದೂ ಒಂದೇ ಮಾತು:
ಗ್ಯಾಸ್ ಹೋಗ್ಯದ.
ಮೂರು ಸಲ ತುಂಬಿಸೀನಿ. ಮೂರೂ ಚೀಟಿ ಅವ,
ತಾರೀಖಿನ ಪ್ರಕಾರ ಪಿನ್ನು ಚುಚ್ಚಿ ಇಟ್ಟದ್ದು.
ನೆಹರು ಗಂಜಿನ ದಾಲ್ ಮಿಲ್ಲಿನ್ಯಾಗ
ಹನ್ನೊಂದು ವರ್ಷ ಲೆಕ್ಕ ಬರದಾಕಿ ನಾ,
ಚೀಟಿ ಕಳಕೊಳ್ಳಾಕಿ ಅಲ್ಲ.

ಮೈನೋದ್ದೀನ ಚೀಟಿ ಓದಲಿಲ್ಲ.
"ಗ್ಯಾಸ್ ಏನು ಕರ್ಪೂರೇನ್ರಿ, ತಾನೇ ಕರಗಿ ಹೋಗ್ಲಾಕ?
ಹೋಗ್ಯದಂದ್ರ ಎಲ್ಲೋ ತೂತು ಅದ.
ತೂತು ಮುಚ್ಚದ ತುಂಬಿದ್ರ ಅದು ರಿಪೇರಿ ಅಲ್ಲ, ದಾನ."

ಆಮ್ಯಾಲ ಒಂದೊಂದೇ ಕೇಳ್ಕೋತ ಹೋದ.
ಮುಂಜಾನಿ ತಂಪು ಬರ್ತದೇನು? ಬರ್ತದ.
ಮಧ್ಯಾಹ್ನ? ಇಲ್ಲ.
ಸೇಡಂ ರೋಡಿಗೆ ಜೋರು ಓಡೂ ಮುಂದ? ಜರಾ ಬರ್ತದ.
ಸಿಗ್ನಲಿಗೆ ನಿಂತ್ರ?
ನಿಂತ್ರ ಬರೇ ಬಿಸಿ ಉಸಿರು,
ತುಂಬಿದ ಬಸ್ಸಿನ್ಯಾಗ ಹಿಂದ ನಿಂತವ
ಕುತ್ತಿಗಿ ಮ್ಯಾಲ ಬಿಡ್ತಾನಲ್ಲ, ಅಂಥದ್ದು.
ಅಂದ ಮ್ಯಾಲ ನಾಲಿಗಿ ಕಚ್ಚಿಕೊಂಡೆ.
ಅವ ನಗಲಿಲ್ಲ. "ಅದಕ್ಕೇ ಕಾರ್ ತಗೊಂಡೀರಿ" ಅಂದ,
ನಟ್ಟು ತಿರುವಕೋತ.

ಎಂಜಿನ್ ಚಾಲೂ ಮಾಡಿಸಿ ಕಿವಿ ಕೊಟ್ಟ.
ಟಕ್. ಕಂಪ್ರೆಸರ್ ಹಿಡೀತು.
ಹನ್ನೆರಡು ಎಣಿಸೂದರಾಗ
ಟಕ್. ಬಿಟ್ಟಿತು.
ಗೇಜಿನ ಕೆಂಪು ಮುಳ್ಳು ಏರಕೋತ ಹೋಗಿ ತುದಿಗಿ ನಡುಗತಿತ್ತು.
"ತಂಪು ಮಾಡೋ ತಾಕತ್ತು ಅದ ಇದಕ್ಕ.
ಬಿಸಿ ಹೊರಗ ಹಾಕ್ಲಾಕ ದಾರಿ ಇಲ್ಲ."

ಹುಡುಗ ಅಣವೀರ ಮುಂದಿನ ಬಂಪರ್ ಬಿಚ್ಚಿದ.
ಬಾಚಣಿಗಿಗಿಂತ ಸಣ್ಣ ಹಲ್ಲಿನ ಜಾಳಗಿ,
ಹಲ್ಲಿನ ಸಂದಿ ಸಂದಿಗಿ
ತೊಗರಿ ಹೊಟ್ಟು.
ಧೂಳಿನ ಕೂಡ ಕಲಸಿ, ಗ್ವಾಡಿಗಿ ಗಿಲಾವ ಮಾಡಿದಂಗ.

"ಗಾಡಿ ಎಲ್ಲಿ ನಿಲ್ಲಸ್ತೀರಿ?"
ಮಿಲ್ಲಿನ ಹಿಂದ, ದೊಡ್ಡ ಫ್ಯಾನಿನ ಎದರು.
ಅಲ್ಲೊಂದೇ ನೆರಳು.

ಹನ್ನೊಂದು ವರ್ಷ ಬರದೀನಿ:
ಬ್ಯಾಳಿ ಇಷ್ಟು, ನುಚ್ಚು ಇಷ್ಟು, ಹೊಟ್ಟು ಇಷ್ಟು.
ಕೂಡಿಸಿದ್ರ ಒಮ್ಮಿನೂ ನೂರು ಆಗಂಗಿಲ್ಲ.
ಉಳಿದದ್ದಕ್ಕ ಒಂದು ಖಾನೆ ಅದ: ಹಾರಿ ಹೋದದ್ದು.
ಹಾರಿ ಎಲ್ಲಿ ಹೋಯ್ತಂತ
ಮಾಲಕರು ಕೇಳಿಲ್ಲ. ನಾನೂ ಕೇಳಿಲ್ಲ.

"ಪ್ರೆಷರ್ ಇಡಬ್ಯಾಡಲೇ, ಹಲ್ಲು ಮಲಗ್ತಾವ" ಅಂತ
ಅಣವೀರನ ಕೈಯಾಗಿನ ಪೈಪ್ ಕಸಗೊಂಡು
ಕೂಸಿಗಿ ಎರದಂಗ ಎರದ.
ಮಲಗಿದ ಹಲ್ಲು ಎಬ್ಬಸ್ಲಾಕ ಸಣ್ಣದೇನರೆ ಬೇಕಂದ.
ಚೀಟಿಯ ಪಿನ್ನು ಕೊಟ್ಟೆ.

ಸೋಪಿನ ನೀರು ಹಚ್ಚಿದ ಕೂಡಲೆ
ಪೈಪಿನ ಕೀಲಿನ್ಯಾಗ ಒಂದು ಗುಳ್ಳಿ ಕಣ್ಣು ತೆಗೀತು.
ಇಪ್ಪತ್ತು ರೂಪಾಯಿ ರಬ್ಬರ್ ಉಂಗುರ.
ಹಳೇ ಗ್ಯಾಸ್ ಪೂರಾ ತೆಗದು, ವ್ಯಾಕ್ಯೂಮ್ ಹಚ್ಚಿ,
ಹೊಸಾದು ತಕ್ಕಡಿ ಮ್ಯಾಲ ಇಟ್ಟು ತೂಗಿ ತುಂಬಿದ.
ತೂಗೋ ಮಂದಿ ಮ್ಯಾಲ ನನಗ ಮೊದಲಿಂದ ಭರೋಸಾ.

ಗಾಳಿ ಬಂತು. ಅವ ಅಂಗೈ ಒಡ್ಡಲಿಲ್ಲ,
ಬಗ್ಗಿ ಗಲ್ಲ ಒಡ್ಡಿದ.
ಅಂಗೈ ಸುಟ್ಟು ಸುಟ್ಟು ಸುಳ್ಳು ಹೇಳ್ತದಂತ.

ಬಿಲ್ಲು ಕೊಡೂ ಮುಂದ ನೋಡಿದೆ, ಗಾಡಿ ಕೆಳಗ ನೀರು,
ಶಹಾಬಾದ ಕಲ್ಲಿನ ಮ್ಯಾಲ ತೊಟ್ಟು ತೊಟ್ಟು.
ಸೋರ್ಲಾಕತ್ಯದಲ್ರೀ! ಅಂದೆ.
"ಇದು ಸೋರಬೇಕ್ರಿ. ಇಂಥ ಧಗಿಯಾಗ ಸೋರಲಿಲ್ಲಂದ್ರ
ಅವತ್ತ ತಿರುಗಿ ಬರ್ರಿ.
ಇಲ್ಲೀ ತನಕ ನಿಮ್ಮ ಬೆನ್ನಿಗಿ ಅಂಟಿದ್ದು ಇದೇ ನೀರು."

ನಾಳಿಂದ ಬಿಸಲಾಗ ನಿಲ್ಲಸಬೇಕು ಗಾಡಿ.
ಆ ಖಾನೆಗೆ ಏನು ಬರೀಬೇಕೋ ಗೊತ್ತಿಲ್ಲ.

ಜಗತ್ ಸರ್ಕಲಿನ್ಯಾಗ ಸಿಗ್ನಲ್ ಕೆಂಪಿತ್ತು.
ತೊಂಬತ್ತು ಸೆಕೆಂಡ್.
ಇರ್ಲಿ, ಅಂದೆ.